ಹೆಣ ಉಸಿರಾಡಿದ ಸಿನಿಮಾ

ಶ್ರೀ ಗುರುಬಸವಲಿಂಗಾಯ ನಮಃ

ಮೊಗುಡಂಪಲ್ಲಿ
೧೨ ಜನವರಿ ೨೦೨೫, ಭಾನುವಾರ

ಮೊಮ್ಮಗಳು ಚಿ. ಶೈಲಶ್ರೀಗೆ ನಿನ್ನ ಆಯಿ ಸುಂದರಬಾಯಿ ಮಾಡುವ ಆಶೀರ್ವಾದಗಳು.

ಇತ್ತ ನಾವು ಕ್ಷೇಮ. ಅಂದರೆ ನನ್ನ ಮೊಣಕಾಲು ಬಿಟ್ಟು ಉಳಿದದ್ದೆಲ್ಲ ಕ್ಷೇಮ. ತಾಂಡೂರಿನಲ್ಲಿ ನೀನು, ನಿನ್ನ ಕಾಲೇಜು, ನಿಮ್ಮ ಸಿನಿಮಾ ಸಂಘ ಎಲ್ಲವೂ ನೆಟ್ಟಗಿವೆಯೆಂದು ತಿಳಿದಿದ್ದೇನೆ. ಎಳ್ಳಮಾಸಿ ಹಬ್ಬ ಮುಗಿಸಿ ನೀವು ಹೋದ ಮರುದಿನವೇ ಬರೆಯಬೇಕೆಂದಿದ್ದೆ. ಸಿಟ್ಟು ಆರಲಿ ಅಂತ ಕಾದೆ. ಆರಲಿಲ್ಲ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನೀನು ಫೋನಿನಲ್ಲಿ "ಹ್ಞೂಂ ಆಯಿ, ಹ್ಞೂಂ ಆಯಿ" ಅನ್ನುತ್ತ ಮಕ್ಕಳ ಪೇಪರು ತಿದ್ದುತ್ತಿರುತ್ತೀ, ನನಗೆ ಗೊತ್ತು. ಕಾಗದವಾದರೆ ಕೈಯಲ್ಲಿ ಹಿಡಿದೇ ಓದಬೇಕು. ನಾಲ್ಕನೇ ಇಯತ್ತೆ ಕಲಿತವಳ ಅಕ್ಷರ. ತಪ್ಪಿದ್ದರೆ ಕೆಂಪು ಶಾಯಿ ಹಚ್ಚಬೇಡ.

ಸುದ್ದಿ ಮೊದಲು ಹೇಳಿಬಿಡುತ್ತೇನೆ. ತೊಗರಿ ರಾಶಿ ಮುಗಿಯಿತು. ಪಕ್ಕದ ಮನೆಯ ಲಚ್ಚಮ್ಮನ ಎಮ್ಮೆ ಹೆಣ್ಣುಗರು ಹಾಕಿತು. ಗಿಣ್ಣು ಕಳಿಸಿದ್ದಳು, ನಿನ್ನ ಅಪ್ಪ ಗುರುಬಸವ ಒಬ್ಬನೇ ತಿಂದ.

ಈಗ ಸಿಟ್ಟಿನ ಮಾತು. ಎಳ್ಳಮಾಸಿಯ ದಿನ ಹೊಲದಲ್ಲಿ ಭೂಮಿತಾಯಿಗೆ ಚರಗ ಚೆಲ್ಲಿ, ಬಜ್ಜಿ, ಸಜ್ಜೆರೊಟ್ಟಿ ಉಂಡು ಬೇವಿನ ನೆರಳಲ್ಲಿ ಕುಳಿತಾಗ ಮಾತು ತೆಗೆದವಳು ನೀನೇ. ಈ ಗಡಿಸೀಮೆಯಲ್ಲಿ ತೆಗೆದ ಹಳೆಯ ಸಿನಿಮಾಗಳಲ್ಲಿ ಒಂದನ್ನು "ಪರಿಪೂರ್ಣ" ಅಂತ ಆರಿಸಿ, ಶಿವರಾತ್ರಿ ಆದಮೇಲೆ ತಾಂಡೂರಿನಲ್ಲಿ ದೊಡ್ಡ ಪರದೆಗೆ ಹಾಕುತ್ತೇವೆ, ಯಾವುದಕ್ಕೆ ಆ ಹೆಸರು ಒಪ್ಪುತ್ತದೆ ಹೇಳಿರಿ ಅಂದೆ.

ಲಚ್ಚಮ್ಮ ಏನಂದಳು ನೆನಪಿದೆಯಲ್ಲ? "ಯಾವ ಸಿನೆಮಾ ನೋಡಕೋತ ಎಮ್ಮಿ ಹಿಂಡೋದು ಮರೀತೀನಿ, ಅದೇ ಪಕ್ಕಾ ಸಿನೆಮಾ. ಅಂಥದು ಒಂದೇ ನೋಡೀನಿ. ಹೆಸರು ನೆನಪಿಲ್ಲ, ಎಮ್ಮಿ ಒದ್ದದ್ದು ನೆನಪದ."

ನಿನ್ನ ಅಪ್ಪ, "ಹೊಡದಾಟ ಇಲ್ಲಂದ್ರ ಅದು ಸಿನೆಮಾನೇ ಅಲ್ಲ" ಅಂದ. "ಮನ್ಯಾಗಿಂದು ಸಾಲಂಗಿಲ್ಲೇನು ನಿನಗ?" ಅಂದೆ ನಾನು. ನಿನ್ನ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ನೀನು ಮಾತ್ರ ಪಾಠ ಹೇಳುವ ದನಿಯಲ್ಲಿ ಹೇಳಿದೆ: ಪರಿಪೂರ್ಣ ಅಂದರೆ ಬೆರಳಿಟ್ಟು ತೋರಿಸಲು ಒಂದೂ ತಪ್ಪು ಸಿಗಬಾರದು. ನಮ್ಮ ಊರಲ್ಲಿ ತೆಗೆದ ಸಿನಿಮಾ ಅದಕ್ಕೆ ಬಹಳ ಹತ್ತಿರ ಬರುತ್ತದೆ. "ಆದ್ರ ಅದ್ರಾಗ ಹೆಣ ಉಸಿರಾಡ್ತದ, ಆಯಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಎಷ್ಟೋ ವರ್ಷಗಳಿಂದ ನಮ್ಮ ಮನೆಯ ನಗೆ ಅದು. ಆ ಹೆಣ ನಿನ್ನ ಮುತ್ಯಾ, ನನ್ನ ಯಜಮಾನರು, ಬಂಡೆಪ್ಪ.

ನಗು ಅಲ್ಲಿಗೇ ನಿಂತಿದ್ದರೆ ಈ ಕಾಗದ ಇರುತ್ತಿರಲಿಲ್ಲ. ನಿನ್ನ ಜೊತೆ ಬಂದಿದ್ದ ಸತೀಶಕುಮಾರ, ಕಂಪ್ಯೂಟರಿನಲ್ಲಿ ಹಳೆಯ ಸಿನಿಮಾ ತೊಳೆದು ಹೊಸದು ಮಾಡುವವನು, ಫೋನು ತೆಗೆದು ಆ ಜಾಗ ತೋರಿಸಿದ. ನಿನ್ನ ಮುತ್ಯಾನ ಎದೆಯ ಮೇಲೆ ಚೆಂಡುಹೂವಿನ ಮಾಲೆ ಏರುತ್ತದೆ, ಇಳಿಯುತ್ತದೆ. ಎಡಗಣ್ಣು ಒಂದು ಕೂದಲೆಳೆಯಷ್ಟು ತೆರೆದು ಮುಚ್ಚುತ್ತದೆ.

"ಇದೇನ್ ದೊಡ್ಡ ಮಾತಲ್ರಿ, ಆಯಿ" ಅಂದ. "ಮಾಲಿ ಅಲುಗೋದು ನಿಲ್ಲಸ್ತೀನಿ, ಕಣ್ಣು ಮುಚ್ಚಸ್ತೀನಿ. ನೋಡಿದವರಿಗಿ ಖರೇ ಹೆಣ ಅನಸಬೇಕು, ಹಂಗ ಮಾಡ್ತೀನ್ರಿ."

ನೀನು ಚಪ್ಪಾಳೆ ತಟ್ಟಿದೆ. "ಆತು ಬಿಡು, ಇನ್ನ ಇದಕ್ಕ ಬಟ್ಟ ಮಾಡಿ ತೋರ್ಸೋರು ಯಾರೂ ಇಲ್ಲ" ಅಂದೆ. ನಾನು ಎದ್ದು ಪಾತ್ರೆ ತೊಳೆಯಲು ಹೋದೆ. ಮೊಣಕಾಲು ನೋವಿನ ಮುದುಕಿ ಯಾರೂ ಹೇಳದೆ ಪಾತ್ರೆ ತೊಳೆಯಲು ಎದ್ದಳೆಂದರೆ ಏನೋ ಆಗಿದೆಯೆಂದು ಎಂ.ಎ. ಓದಿದವಳಿಗೆ ತಿಳಿಯಬೇಕಿತ್ತು.

ಆ ಸಿನಿಮಾದ ಕಥೆ ನಿನಗೆ ಅರ್ಧ ಗೊತ್ತು. ಇನ್ನರ್ಧ ಕೇಳು. ಸಿನಿಮಾದವರು ಊರಿಗೆ ಬಂದಾಗ ನಿನ್ನ ಅಪ್ಪನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಸಿನಿಮಾ ಶುರುವಾಗುವುದೇ ಸಾವಿನಿಂದ. ಹೆಣದ ಪಾತ್ರಕ್ಕೆ ಅಂತ ಕರೆತಂದವನು ಹೆಣ ಕೂಡಿಸಲು ಹೂವು ಕಟ್ಟಿದ ವಿಮಾನ ನೋಡಿದ, ತಟ್ಟೆಯಲ್ಲಿ ಕಲಸಿಟ್ಟ ವಿಭೂತಿ ನೋಡಿದ, ಅಪಶಕುನ ಅಂತ ಬಂದ ಬಸ್ಸಿಗೇ ವಾಪಸು ಹೋದ. ಊರಲ್ಲಿ ಯಾರೂ ಒಪ್ಪಲಿಲ್ಲ. ನಿನ್ನ ಮುತ್ಯಾ ಎದ್ದು ನಿಂತರು. "ಸತ್ತಾನಂತ ಸುಳ್ಳು ಸುದ್ದಿ ಹಬ್ಬಿದ್ರ ಆಯುಷ್ಯ ಹೆಚ್ಚತದಂತ. ನಾ ಕೂಡ್ತೀನಿ, ನಡೀರಿ." ನನ್ನ ಅತ್ತೆ ಅಂಗಳದಲ್ಲಿ ನಿಂತು ಸಿನಿಮಾದವರ ಏಳು ತಲೆಮಾರಿಗೆ ಬೈದಳು.

ಸ್ನಾನ ಮಾಡಿಸಿ, ಮೈತುಂಬ ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಮಾಲೆ ಹಾಕಿ ವಿಮಾನದಲ್ಲಿ ಕೂಡಿಸಿದರು. ನಮ್ಮಲ್ಲಿ ಹೇಗೆ ಮಾಡುತ್ತಾರೋ ಹಾಗೆಯೇ, ಒಂದನ್ನೂ ಬಿಡಲಿಲ್ಲ. ನಾನು ಭಜನೆಯ ಹೆಂಗಸರ ಜೊತೆ ಅವರ ಎಡಕ್ಕೆ ನಿಂತಿದ್ದೆ. ಹೆಂಡತಿಯ ಪಾತ್ರದವಳು ಪಟ್ನದಿಂದ ಬಂದವಳು. ಕಣ್ಣಿಗೆ ಏನೋ ಹಚ್ಚಿಕೊಂಡು ಅತ್ತಳು. ಕಣ್ಣೀರು ಬಂತು, ಮೂಗು ಸೋರಲಿಲ್ಲ. ಮೂಗು ಸೋರದ ಅಳು ಎಲ್ಲಿಯದು? ಆ ತಪ್ಪು ನಿಮ್ಮ ಸಂಘದ ಯಾರ ಕಣ್ಣಿಗೂ ಬೀಳಲಿಲ್ಲ ನೋಡು.

ಅವಳು ಅವರ ತೊಡೆಯ ಮೇಲೆ ಬಿದ್ದು "ನನ್ನ ಬಿಟ್ಟು ಹೋದ್ರ್ಯಾ" ಎಂದು ಹಣೆ ಚಚ್ಚಿಕೊಂಡಾಗ ನಿನ್ನ ಮುತ್ಯಾ ಕಣ್ಣು ತೆರೆದದ್ದು. ನನಗೆ ಸಿಟ್ಟು ಬಂತೇನೋ ಅಂತ ನನ್ನ ಕಡೆ ನೋಡಿದರು. ಅಷ್ಟೇ. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಸುತ್ತಲಿನವರು ಅಳುತ್ತಿದ್ದಾಳೆ ಅಂದುಕೊಂಡರು, ನಾನು ನಗುತ್ತಿದ್ದೆ. ಅವರಿಗೆ ನಗು ಬಂದು, ಹೊರಗೆ ಬಿಡಲಾಗದೆ, ಮಾಲೆ ಅಲುಗಿತು. ನೀವು ತಪ್ಪು ಅನ್ನುವುದು ಅದನ್ನೇ.

ಮನೆಗೆ ಬಂದು ಬಚ್ಚಲಲ್ಲಿ ವಿಭೂತಿ ತೊಳೆದುಕೊಳ್ಳುತ್ತ, "ಹೆಂಗ ಕುಂತಿದ್ದೆ?" ಅಂದರು. "ಹೆಣಕ್ಕ ಅಷ್ಟು ಸೊಕ್ಕು ಇರಬಾರದು" ಅಂದೆ.

ಶೈಲೂ, ನಿನ್ನ ಮಾತು ನನಗೆ ತಿಳಿಯದು ಅಂತಲ್ಲ. ಬೀಜಕ್ಕೆ ಜೋಳ ಆರಿಸುವಾಗ ನಾವೂ ಒಡಕು ಕಾಳು ತೆಗೆಯುತ್ತೇವೆ. ಆದರೆ ಮೊಳಕೆ ಬರುವ ಕಾಳೂ ಮೊದಲು ಒಡೆದಂತೆಯೇ ಕಾಣುತ್ತದೆ, ಅದನ್ನು ಯಾರೂ ಮೊರದಿಂದ ಆಚೆ ಎಸೆಯುವುದಿಲ್ಲ.

ಮೊನ್ನೆ ಲಚ್ಚಮ್ಮನ ಮುಂದೆ ಇದನ್ನೇ ಆಡಿಕೊಂಡೆ. "ಹೋಗ್ಲಿ ಬಿಡಬೇ, ಹುಡುಗ್ರು ಚಂದ ಮಾಡಾಕ ನೋಡ್ತಾರ" ಅಂದಳು.

"ಚಂದ ಮಾಡ್ಲಿ. ಬೇಕಾದ್ರ ನನ್ನ ಮಾರಿ ಮ್ಯಾಲಿನ ಸುಕ್ಕು ತೆಗೀಲಿ. ಅವ್ರ ಉಸಿರು ಯಾಕ ತೆಗೀತಾರ?"

ಅವಳು ಎಮ್ಮೆ ಹಿಂಡುವ ಹೊತ್ತಾಯಿತು ಅಂತ ಚರಿಗೆ ಹಿಡಿದು ಎದ್ದಳು.

ನನ್ನ ಕೇಳಿಕೆ ಇಷ್ಟೇ. ಪರಿಪೂರ್ಣ ಅನ್ನುವ ಬಿರುದನ್ನು ಬೇರೆ ಯಾವುದಕ್ಕಾದರೂ ಕೊಡಿರಿ. ತಪ್ಪು ಇಟ್ಟುಕೊಂಡೇ ತೋರಿಸುವುದಾದರೆ ಇದನ್ನು ತೋರಿಸಿರಿ, ಇಲ್ಲವಾದರೆ ಇದ್ದಲ್ಲೇ ಇರಲಿ. ಅವರ ಕಣ್ಣು ಮುಚ್ಚಿಸಬೇಡಿ. ಸತೀಶನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೂ ಆಶೀರ್ವಾದ ಹೇಳು. ಒಳ್ಳೆಯ ಹುಡುಗ, ಕೈ ಮಾತ್ರ ಅವಸರದ್ದು.

ಹೊತ್ತಿಗೆ ಸರಿಯಾಗಿ ಉಣ್ಣು. ಗುರು ನಿನ್ನನ್ನು ಕಾಯಲಿ, ನಿನ್ನ ನಾಲಗೆ ನನ್ನ ನಾಲಗೆಯಷ್ಟು ಹರಿತವಾಗದಿರಲಿ.

ನಿನ್ನ ಆಯಿ
ಸುಂದರಬಾಯಿ

ತಾ. ಕ.: ಇಲ್ಲಿಗೆ ಮುಗಿಸಿ ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಪ್ರತಿ ಎಳ್ಳಮಾಸಿಗೆ ನೀನು ಹೊಲದ ಮೂಲೆಯಲ್ಲಿರುವ ಮುತ್ಯಾನ ಸಮಾಧಿಯ ಗದ್ದುಗೆಗೆ ಮೊದಲ ಚರಗ ಚೆಲ್ಲಿ ಹಣೆ ಹಚ್ಚುತ್ತೀ. ಅದರೊಳಗೆ ನಿನ್ನ ಮುತ್ಯಾ ಇಲ್ಲ, ಮಗಳೇ. ಕರೋನಾ ಬಂದ ಆ ಬೇಸಿಗೆ ನೀನೂ ತಾಂಡೂರಿನಲ್ಲಿ ಹಾಸಿಗೆ ಹಿಡಿದಿದ್ದೆ. ಆಗ ಹೇಳಲು ನಿನ್ನ ಅಪ್ಪನಿಗೆ ಬಾಯಿ ಬರಲಿಲ್ಲ, ಆಮೇಲೆ ಯಾರಿಗೂ ಬರಲಿಲ್ಲ. ಪಟ್ನದ ದವಾಖಾನೆಯಿಂದ ಅವರನ್ನು ಊರಿಗೆ ತರಲು ಬಿಡಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಲ್ಲೇ ಒಂದು ತಗ್ಗಿನಲ್ಲಿ ಅಂಗಾತ ಮಲಗಿಸಿ ಮಣ್ಣು ಎಳೆದರು. ಕೂಡಿಸಲಿಲ್ಲ. ವಿಭೂತಿ ಇಲ್ಲ, ಭಜನೆ ಇಲ್ಲ. ನಿನ್ನ ಅಪ್ಪ ದೂರದ ರಸ್ತೆಯಲ್ಲಿ ನಿಂತು ನೋಡಿದ. ನಾನು ಅದನ್ನೂ ನೋಡಲಿಲ್ಲ. ಅವರ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಬಿಚ್ಚಿ ಅವನ ಕೈಗೆ ಕೊಟ್ಟಿದ್ದರಂತೆ. ಗದ್ದುಗೆಯೊಳಗೆ ಇರುವುದು ಅದೊಂದೇ.

ಅಂಗೈಯಲ್ಲಿ ಲಿಂಗ ಹಿಡಿದು, ನೆಟ್ಟಗೆ ಕುಳಿತು, ಊರವರ ಭಜನೆಯ ನಡುವೆ ಅವರು ಹೋದದ್ದು ಆ ಸಿನಿಮಾದಲ್ಲಿ ಮಾತ್ರ.

ತೋರಿಸುವುದಾದರೆ ನಾನೂ ಬರುತ್ತೇನೆ. ಮುಂದಿನ ಸಾಲಿನಲ್ಲಿ, ಅವರ ಎಡಕ್ಕೆ, ಅಂದರೆ ಪರದೆಯ ಬಲಗಡೆಗೆ ಜಾಗ ಹಿಡಿ. ಅವರು ನೋಡುವುದು ಆ ಕಡೆಗೇ.