ನಂಕೊಲೆ ಹಳ್ಳದ ದಾರಿ ಬೇಡ

ನಂಸೆಂಜೆ
ಮುಲಾಂಜೆ ಬೆಟ್ಟದ ಬುಡ
11 ಮಾರ್ಚ್ 2004, ಗುರುವಾರ

ಪ್ರೀತಿಯ ಡೊರೀಕಾ,

ನಾವು ಚೆನ್ನಾಗಿ ಎದ್ದಿದ್ದೇವೆ, ನೀನೂ ಚೆನ್ನಾಗಿ ಎದ್ದಿದ್ದರೆ ಸಂತೋಷ ಎಂದು ನಮ್ಮಲ್ಲಿ ಕಾಗದ ಶುರುವಾಗಬೇಕು. ನಾನು ಚೆನ್ನಾಗಿ ಎದ್ದಿಲ್ಲ. ನಿನ್ನ ಕಾಗದ ಬಂದ ಶನಿವಾರದಿಂದ ಕೈ ಚಹಾ ಎಲೆಯ ಮೇಲಿದ್ದರೆ ಮನಸ್ಸು ಇನ್ನೆಲ್ಲೋ. ತೋಟದ ಮೇಸ್ತ್ರಿ ಎರಡು ಸಲ ಗದರಿದ, ಎರಡು ಸಲವೂ ಬಾಯಿ ಮುಚ್ಚಿಕೊಂಡಿದ್ದೆ. ಸಾಲಿನ ಹೆಂಗಸರು ತಿರುಗಿ ತಿರುಗಿ ನೋಡಿದರು, ಎನಿಫಾಗೆ ಏನು ಬಂತು ಅಂತ.

ನೀನು ಕೇಳಿದ್ದು ಸಣ್ಣ ಪ್ರಶ್ನೆ. ಈಸ್ಟರ್ ರಜೆಯಲ್ಲಿ ನಿನ್ನ ಶಾಲೆಯ ಮೂವತ್ತೆರಡು ಹುಡುಗಿಯರು ಬೆಟ್ಟ ಹತ್ತಬೇಕು. ಜೊಂಬಾ ಬೆಟ್ಟವೋ, ಉತ್ತರದ ನ್ಯಿಕಾವೋ, ನಮ್ಮ ಮುಲಾಂಜೆಯೋ? ಬ್ಲಾಂಟೈರಿನ ಪ್ರವಾಸ ಕಂಪನಿಯವನು ನಿಮ್ಮ ಹೆಡ್‌ಮಾಸ್ಟರಿಗೆ ಬಣ್ಣದ ಫೋಟೋ ತೋರಿಸಿದ್ದಾನೆ. ನಂಕೊಲೆ ಹಳ್ಳ ದಾಟಿ ಹತ್ತುವ ದಾರಿಯಷ್ಟು ಚೆಂದದ್ದು ಇನ್ನೊಂದಿಲ್ಲ, ಎರಡೇ ದಿನಕ್ಕೆ ಹೋಗಿ ಬರಬಹುದು ಅಂದಿದ್ದಾನೆ. ಇಪ್ಪತ್ತನೇ ತಾರೀಕಿನೊಳಗೆ ನೀನು ತೀರ್ಮಾನ ಹೇಳಬೇಕು. ನಾನು ಬೆಟ್ಟದ ಬುಡದವಳು, ನನ್ನ ಗಂಡ ವೈಸನ್ ಅದೇ ಬೆಟ್ಟಕ್ಕೆ ಚಾರಣದವರ ಹೊರೆ ಹೊರುವವನು, ಆದ್ದರಿಂದ ನಾನು ಯಾವುದು ಅನ್ನುತ್ತೇನೋ ಅದೇ ಎಂದು ಬರೆದಿದ್ದೀಯ.

ಹೇಳುತ್ತೇನೆ. ಮುಲಾಂಜೆ ಬೇಡ. ಜೊಂಬಾಕ್ಕೆ ಹೋಗು.

ಜೊಂಬಾ ಬೆಟ್ಟಕ್ಕೆ ನೆತ್ತಿಯವರೆಗೆ ರಸ್ತೆಯಿದೆ. ದಾರಿಯ ಪಕ್ಕದಲ್ಲಿ ಮುದುಕಿಯರು ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ. ಹುಡುಗಿಯೊಬ್ಬಳ ಕಾಲು ಉಳುಕಿದರೆ ಅರ್ಧ ಗಂಟೆಯಲ್ಲಿ ಆಸ್ಪತ್ರೆ. ಜೊಂಬಾ ಸಪ್ಪೆ, ಅಲ್ಲಿಗೆ ಎಲ್ಲರೂ ಹೋಗಿದ್ದಾರೆ ಅಂತ ನಿನ್ನ ಹುಡುಗಿಯರು ಮುಖ ಊದಿಸುತ್ತಾರೆ. ಊದಿಸಲಿ. ಸಪ್ಪೆ ಬೆಟ್ಟದಿಂದ ಮೂವತ್ತೆರಡೂ ಜನ ವಾಪಸು ಬರುತ್ತಾರೆ. ನ್ಯಿಕಾಕ್ಕೆ ಬಸ್ಸಿನಲ್ಲೇ ಎರಡು ದಿನ ಬೇಕು, ಅದರ ಮಾತೇ ಬೇಡ.

ಇಲ್ಲಿ ಏಪ್ರಿಲ್ ಮೋಸದ ತಿಂಗಳು. ಕೆಳಗೆ ಬಿಸಿಲು ಹೊಡೆಯುತ್ತಿರುತ್ತದೆ, ಜೋಳ ಒಣಗಿಸುತ್ತಿರುತ್ತೇವೆ. ಅದೇ ಹೊತ್ತಿಗೆ ಮೇಲೆ, ನಮ್ಮ ಕಣ್ಣಿಗೆ ಬೀಳದ ಕಡೆ, ಮಳೆ ಸುರಿಯುತ್ತಿರುತ್ತದೆ. ಒಲೆಯ ಮೇಲೆ ನ್ಸಿಮಾ ಮುದ್ದೆ ಗಟ್ಟಿಯಾಗುವಷ್ಟರಲ್ಲಿ ಮೊಣಕಾಲುದ್ದದ ನಂಕೊಲೆ ಎದೆಯುದ್ದ ಬರುತ್ತದೆ. ಅಲ್ಲಿದ್ದ ಮರದ ಸೇತುವೆ ಕೊಚ್ಚಿಹೋಗಿ ಮೂರು ಮಳೆಗಾಲವಾಯಿತು. ಈಗ ಇರುವುದು ಒಂದು ತಂತಿ. ಕಂಪನಿಯವನು ಆ ತಂತಿಯ ಫೋಟೋವನ್ನೂ ತೋರಿಸಿರಬೇಕು, ಸಾಹಸ ಅಂತ. ಸಾಹಸ ಯಾರದ್ದು ಅಂತ ಕೇಳು. ಚಾರಣಕ್ಕೆ ಬಂದವರು ಕೈ ಬೀಸಿಕೊಂಡು ದಾಟುತ್ತಾರೆ, ಅದೂ ಇನ್ನೊಬ್ಬನ ತೋಳು ಹಿಡಿದು. ಆ ತೋಳಿನವನು ಹದಿನೆಂಟು ಕಿಲೋ ತಲೆಯ ಮೇಲಿಟ್ಟುಕೊಂಡು ಬರಿಗಾಲಲ್ಲಿ ದಾಟುತ್ತಾನೆ. ಅವನ ಫೋಟೋ ಯಾರೂ ತೆಗೆಯುವುದಿಲ್ಲ.

ಇಷ್ಟು ಹೇಳಿದರೆ ನಿಮ್ಮ ಹೆಡ್‌ಮಾಸ್ಟರು ನಗುತ್ತಾರೆ ಅಂತ ಗೊತ್ತು. ಯಾರಾದರೂ ಸತ್ತಿದ್ದಾರೇನಮ್ಮ ಅಂತ ಕೇಳುತ್ತಾರೆ. ಕಂಪನಿಯವನು ಬೆಟ್ಟದ ಗೇಟಿನ ಪುಸ್ತಕ ತರಿಸಿ ತೋರಿಸುತ್ತಾನೆ. ಹೋದವರ ಹೆಸರು, ಬಂದವರ ಹೆಸರು. ನಂಕೊಲೆ ದಾರಿಯಲ್ಲಿ ಒಬ್ಬನೂ ಸತ್ತಿಲ್ಲ ಅಂತ ಆ ಪುಸ್ತಕ ಹೇಳುತ್ತದೆ. ಅದು ಹೇಳುವ ಸುಳ್ಳು ಎಂಥದ್ದು ಅಂತ ನನಗೆ ಗೊತ್ತು, ಏಕೆಂದರೆ ಅದರಲ್ಲಿ ನನ್ನ ಪಾಲಿದೆ.

ಇಲ್ಲಿ ಹೊರೆ ಹೊರಲು ಸರದಿ ಇದೆ. ನೂರ ನಲವತ್ತು ಹೆಸರುಗಳ ಪಟ್ಟಿ. ಬೆಳಿಗ್ಗೆ ಆರಕ್ಕೆ ಗೇಟಿನ ಹತ್ತಿರ ಗುಮಾಸ್ತ ಗೆರ್ಷೊಮ್ ಪಟ್ಟಿ ಹಿಡಿದು ಕೂಗುತ್ತಾನೆ. ಹೆಸರಿನವನು ಇದ್ದೀನಿ ಅನ್ನಬೇಕು. ಅನ್ನಲಿಲ್ಲವೋ, ಹೆಸರು ಪಟ್ಟಿಯ ಬಾಲಕ್ಕೆ ಹೋಗುತ್ತದೆ. ಮತ್ತೆ ಸರದಿ ಬರಲು ಎರಡು ತಿಂಗಳು ಕಾಯಬೇಕು. ಆದ್ದರಿಂದ ಯಾರೂ ಸರದಿ ಬಿಡುವುದಿಲ್ಲ. ಜ್ವರ ಬಂದವನು ತಮ್ಮನನ್ನು ಕಳಿಸುತ್ತಾನೆ, ಸಾವಿನ ಮನೆಗೆ ಹೋದವನು ಮೈದುನನನ್ನು. ಬಂದವನು ಇನ್ನೊಬ್ಬನ ಹೆಸರಿಗೆ ಇದ್ದೀನಿ ಅನ್ನುತ್ತಾನೆ. ಗೆರ್ಷೊಮ್‌ಗೆ ಎಲ್ಲರ ಮುಖ ಗೊತ್ತು, ಆದರೂ ತಲೆಯೆತ್ತದೆ ಗುರುತು ಹಾಕುತ್ತಾನೆ. ಗೇಟಿನವರಿಗೆ ನಾವು ಟೋಪಿ ಹಾಕುತ್ತಿದ್ದೇವೆ ಅಂತ ನಮಗೆಲ್ಲ ಒಳಗೊಳಗೇ ಹೆಮ್ಮೆ. ಟೋಪಿ ಯಾರ ತಲೆಯ ಮೇಲಿತ್ತು ಅಂತ ಆಮೇಲೆ ಗೊತ್ತಾಯಿತು.

ಹೋದ ವರ್ಷ ಏಪ್ರಿಲ್ ಹದಿನೈದಕ್ಕೆ ವೈಸನ್ ಸರದಿ. ವೈಸನ್‌ಗೆ ಮಲೇರಿಯಾ. ಎರಡು ಚಿತೆಂಜೆ ಬಟ್ಟೆ, ಮೇಲೊಂದು ಗೋಣಿ ಹೊದೆಸಿದರೂ ಹಲ್ಲು ಕಟಕಟ ಅನ್ನುತ್ತಿತ್ತು. ತನ್ನ ಬದಲು ಹೋಗು ಅಂತ ಅವನು ಇನ್ನೊಬ್ಬನನ್ನು ಕೇಳಿ ಕಳಿಸಿದ. ಆ ಬೆಳಿಗ್ಗೆ ಗೇಟಿನಲ್ಲಿ ವೈಸನ್ ಹೆಸರಿಗೆ ಇದ್ದೀನಿ ಅಂದವನು ನಿನ್ನ ತಮ್ಮ ಲಾಮೆಕಿ.

ಎಲ್ಲಾದರೂ ಕೂತುಕೋ ಡೊರೀಕಾ. ನಿಂತು ಓದಬೇಡ.

ಲಾಮೆಕಿ ಮೊಜಾಂಬಿಕಿನಲ್ಲಿಲ್ಲ. ಗಡಿ ದಾಟಿ ಇಟ್ಟಿಗೆ ಕೆಲಸಕ್ಕೆ ಹೋದ, ಅಲ್ಲಿ ಕೆಲಸ ಚೆನ್ನಾಗಿದೆಯಂತೆ ಅಂತ ಜೂನ್‌ನಲ್ಲಿ ನಾನು ಬರೆದ ಕಾಗದ ಸುಳ್ಳು. ಅವನು ಇಲ್ಲಿಂದ ಎಲ್ಲಿಗೂ ಹೋಗಿಲ್ಲ. ಬೆಟ್ಟದ ಮೇಲಿದ್ದಾನೆ, ಕಲ್ಲುಗಳ ಕೆಳಗೆ.

ಆ ದಿನ ಅವನ ಜೊತೆ ಹೊರೆ ಹೊತ್ತಿದ್ದ ಮಟೀಯೊ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ಚಾರಣಕ್ಕೆ ಬಂದವರು ಮೂವರು, ಹೊರುವವರು ಐವರು, ಮುಂದೆ ಅದೇ ಕಂಪನಿಯವನು. ಎರಡನೇ ದಿನ ಮಧ್ಯಾಹ್ನ ಇಳಿಯುತ್ತ ನಂಕೊಲೆಗೆ ಬಂದರೆ ನೀರು ಕೆಂಪಗೆ ಏರುತ್ತಿತ್ತು. ಹೊರುವವರು ಕೂತು ಕಾಯೋಣ ಅಂದರು. ಸಂಜೆಯೊಳಗೆ ನೀರು ಇಳಿಯುತ್ತದೆ, ಇಳಿಯದಿದ್ದರೆ ಮೇಲಿನ ಗುಡಿಸಲಿಗೆ ವಾಪಸು ಹೋದರಾಯಿತು. ಬಂದವರಿಗೆ ಮರುದಿನ ವಿಮಾನವಿದೆ, ಕೆಳಗೆ ಗಾಡಿ ಕಾಯುತ್ತಿದೆ, ಕೂರುವುದಕ್ಕಲ್ಲ ನಿಮ್ಮನ್ನು ಕರಕೊಂಡು ಬಂದಿದ್ದು ಅಂದನಂತೆ ಕಂಪನಿಯವನು. ಲಾಮೆಕಿ ಎಲ್ಲರಿಗಿಂತ ಎತ್ತರ. ಅವನೇ ನಡುನೀರಲ್ಲಿ ತಂತಿ ಹಿಡಿದು ನಿಂತು ಮೂವರನ್ನೂ ಒಬ್ಬೊಬ್ಬರಾಗಿ ಆಚೆ ದಾಟಿಸಿದ. ನಿನಗೆ ಅವನ ನಗೆಚಾಟಿಕೆ ಗೊತ್ತಲ್ಲ, ಒಬ್ಬಳು ಹೆದರಿ ಅವನ ಕುತ್ತಿಗೆಗೆ ಜೋತುಬಿದ್ದಾಗ ನನ್ನ ಅಕ್ಕ ಮೇಷ್ಟ್ರು ಕಣಮ್ಮ, ನೋಡಿದರೆ ಬೆತ್ತ ಹಿಡೀತಾಳೆ ಅಂದನಂತೆ. ಅವಳಿಗೆ ಅರ್ಥವಾಗಲಿಲ್ಲ, ಆದರೂ ನಕ್ಕಳಂತೆ.

ಆಮೇಲೆ ಹೊರೆಗಾಗಿ ಈಚೆ ಬಂದ. ಅಷ್ಟರಲ್ಲಿ ನೀರು ಇನ್ನೂ ಏರಿತ್ತು. ಆಚೆ ದಡದಿಂದ ಕಂಪನಿಯವನು ಬ್ಯಾಗು ಬ್ಯಾಗು ಅಂತ ಕೂಗುತ್ತಿದ್ದ. ಹೊರೆ ಇಲ್ಲೇ ಇರಲಿ, ನಾಳೆ ಬಂದು ಒಯ್ಯೋಣ ಅಂತ ಮಟೀಯೊ ಅವನ ತೋಳು ಹಿಡಿದ. ಲಾಮೆಕಿ ಬಿಡಿಸಿಕೊಂಡ.

“ಹೊರೆ ಬಿಟ್ರೆ ವೈಸನ್ ಭಾವನ ಹೆಸರು ಹೊಡೆದು ಹಾಕ್ತಾರೆ ಮಾರಾಯ. ನಂದಾಗಿದ್ರೆ ಬಿಡ್ತಿದ್ದೆ.”

ಹೊರೆ ಹೊತ್ತು ಅವನು ನಡುನೀರಿಗೆ ಬಂದಾಗ ತಂತಿ ಕಟ್ಟಿದ್ದ ಕಂಬ ಕಿತ್ತು ಬಂತು. ಅಷ್ಟೇ. ಮಟೀಯೊ ಹೇಳುವ ಪ್ರಕಾರ ಕೂಗೂ ಕೇಳಲಿಲ್ಲ.

ಮೂರನೇ ದಿನ ಕೆಳಗಿನ ಬಂಡೆಯ ಸಂದಿಯಲ್ಲಿ ಸಿಕ್ಕ. ಹೆಣ ಇಳಿಸಿದರೆ ಗೇಟು ದಾಟಬೇಕು. ಗೇಟು ದಾಟಿದರೆ ಇವನು ಯಾರು, ಪುಸ್ತಕದಲ್ಲಿ ಇವನ ಹೆಸರೆಲ್ಲಿ ಅಂತ ಪೊಲೀಸರು ಕೇಳುತ್ತಾರೆ. ನಾಲ್ಕು ಜನ ಸೇರಿ ಸೀಡರ್ ಮರಗಳ ಹತ್ತಿರ ಕಲ್ಲು ಒಟ್ಟಿ ಬಂದರು. ಪಾದ್ರಿ ಇಲ್ಲ, ಹಾಡಿಲ್ಲ, ಹೆಂಗಸರ ಅಳು ಇಲ್ಲ. ನಮ್ಮಲ್ಲಿ ನಾಯಿಯನ್ನೂ ಹಾಗೆ ಹೂಳುವುದಿಲ್ಲ.

ನಾನು ಗೆರ್ಷೊಮ್ ಹತ್ತಿರ ಹೋದೆ, ಡೊರೀಕಾ. ಹೋಗಲಿಲ್ಲ ಅನ್ನಬೇಡ. ಮೇಜು ಗುದ್ದಿ ಬರೆಯಯ್ಯಾ ಸತ್ತ ಅಂತ ಅಂದೆ. ಅವನು ಸಿಟ್ಟಾಗಲಿಲ್ಲ. ಪುಸ್ತಕ ನನ್ನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದ.

“ಇದ್ರಲ್ಲಿ ಹೋದೋನು ವೈಸನ್. ವೈಸನ್ ನಿನ್ನ ಮನೇಲಿ ಗಂಜಿ ಕುಡೀತಾ ಇದಾನೆ. ಹಂಗಾದ್ರೆ ಸತ್ತೋರು ಯಾರಮ್ಮ?”

ವೈಸನ್ ಹೆಸರಿನ ಮುಂದೆ ‘ವಾಪಸು ಬಂದ’ ಎಂದು ಬರೆದಿತ್ತು. ನಾನು ಹಟ ಹಿಡಿದರೆ ಬರೆಯುತ್ತಾನಂತೆ. ಆದರೆ ಬರೆದ ಮೇಲೆ ಬೇರೆಯವರ ಹೆಸರಲ್ಲಿ ಹೋಗುವ ಎಲ್ಲರನ್ನೂ ಬರೆಯಬೇಕಾಗುತ್ತದಂತೆ. ನಲವತ್ತು ಮನೆಗಳಾದರೂ ಪಟ್ಟಿಯಿಂದ ಹೋಗುತ್ತವಂತೆ. ಹೊರಗೆ ಬಂದರೆ ಆ ನಲವತ್ತು ಮನೆಗಳ ಪೈಕಿ ಏಳೆಂಟು ಹೆಂಗಸರು ನಿಂತಿದ್ದರು. ಒಳಗೆ ಏನಾಯಿತು ಅಂತ ಅವರಿಗೆ ಗೊತ್ತಿರಲಿಲ್ಲ. ಎನಿಫಾ ಮೇಜು ಗುದ್ದಿದ್ದು ಕೇಳಿ ನಮ್ಮ ಪರವಾಗಿ ಗುದ್ದಿರಬೇಕು ಅಂದುಕೊಂಡು ಕೈ ಹಿಡಿದರು.

ಒಂದೇ ಪಕ್ಷ ಆಳುತ್ತಿದ್ದ ಕಾಲದಲ್ಲಿ ನಾವಿಬ್ಬರೂ ಅದರ ವಿರುದ್ಧದ ಕರಪತ್ರವನ್ನು ಎದೆಯಲ್ಲಿ ಬಚ್ಚಿಟ್ಟುಕೊಂಡು ಪೊಲೀಸರ ಮುಂದೆಯೇ ನಡೆದಿದ್ದೆವು. ಆಗ ನಮಗೆ ಹದಿನೆಂಟು. ಸುಳ್ಳು ಬರೆಯುವ ಸರ್ಕಾರಕ್ಕೆ ಹೆದರದವಳು ಒಬ್ಬ ಗುಮಾಸ್ತನ ಪುಸ್ತಕಕ್ಕೆ ಹೆದರಿದೆ. ನಮ್ಮವರ ಹೊಟ್ಟೆಯನ್ನೇ ನಮ್ಮ ಬಾಯಿಗೆ ತುರುಕಿ ಸುಮ್ಮನಿರಿಸುವುದು ಅವರಿಗೆ ಎಷ್ಟು ಚೆನ್ನಾಗಿ ಗೊತ್ತು ನೋಡು. ಬೆಟ್ಟದಲ್ಲಿ ಯಾರೋ ಕಳೆದುಹೋದರಂತೆ ಎಂಬ ಮಾತು ಎದ್ದಾಗ ಗೆರ್ಷೊಮ್ ಏನು ಹೇಳಿದ ಗೊತ್ತೇ? ಬೆಟ್ಟದ ಹಿರಿಯರ ಆತ್ಮಗಳು ಕರೆದುಕೊಂಡವು ಅಂದ. ನಮ್ಮ ಹಿರಿಯರಿಗೆ ಬೇರೆ ಕೆಲಸವಿಲ್ಲ, ಕಂಪನಿಯ ಕೊಳೆತ ಕಂಬ ಕಾಯುತ್ತ ಕೂತಿದ್ದಾರೆ.

ಹೋದ ಭಾನುವಾರ ಹತ್ತಿ ನೋಡಿ ಬಂದೆ. ಅದೇ ಕಂಬ. ಮೊದಲಿದ್ದ ಗುಂಡಿಯಲ್ಲೇ ನಿಲ್ಲಿಸಿ ಸುತ್ತ ಕಲ್ಲು ಜಡಿದಿದ್ದಾರೆ. ಎರಡು ಕೈಯಲ್ಲಿ ಅಲ್ಲಾಡಿಸಿದೆ, ಹಾಲುಹಲ್ಲಿನ ಹಾಗೆ ಅಲ್ಲಾಡಿತು. ನಿನ್ನ ಹುಡುಗಿಯರು ಹಿಡಿಯಬೇಕಾದ ತಂತಿ ಅದರದ್ದೇ. ಕಂಪನಿಯವನು ನಿನ್ನ ಉತ್ತರಕ್ಕೂ ಕಾದಿಲ್ಲ, ಈಸ್ಟರ್ ವಾರಕ್ಕೆ ಹದಿನಾರು ಹೊರುವವರು ಬೇಕು ಅಂತ ಗೆರ್ಷೊಮ್‌ಗೆ ಆಗಲೇ ಹೇಳಿದ್ದಾನೆ. ವೈಸನ್ ಹೆಸರೂ ಅದರಲ್ಲಿ ಬರುತ್ತದೆ. ಮಕ್ಕಳ ಹೊರೆ ಹಗುರ, ಬರಲಿ ಬಿಡು ಅಂದ ವೈಸನ್. ಅಂದವನು ಆಮೇಲೆ ಊಟ ಬಿಟ್ಟು ಎದ್ದು ಹೋದ.

ಸೋಮವಾರ ನಿನ್ನ ಅಮ್ಮ ಬಂದಿದ್ದರು. ಗಡಿಯಾಚೆಯ ಸಂತೆಯಿಂದ ಬರುವವರನ್ನೆಲ್ಲ ಅವರು ನಿಲ್ಲಿಸಿ ಕೇಳುತ್ತಾರೆ, ಉದ್ದನೆಯ ಹುಡುಗ, ನಕ್ಕರೆ ಒಸಡು ಕಾಣುತ್ತದೆ, ನೋಡಿದಿರಾ ಅಂತ. ಯಾರೋ ಒಬ್ಬ ಪಾಪದವನು ನೋಡಿದ ಹಾಗಿದೆ ಅಂದನಂತೆ. ಅವನ ಕೈಯಲ್ಲೇ ಕಳಿಸುತ್ತೇನೆ, ಒಂದು ಕಾಗದ ಬರೆದುಕೊಡು ಎನಿಫಾ ಅಂದರು. ಬರೆದೆ. ಗೋಡೆಗೆ ಹೊಸ ಮಣ್ಣು ಬಳಿದಿದೆ, ಚಳಿಗಾಲಕ್ಕೆ ಮುಂಚೆ ಬಾ, ನಿನ್ನ ಮೇಲೆ ಯಾರಿಗೂ ಕೋಪವಿಲ್ಲ ಅಂತ ಅವರು ಹೇಳಿದ್ದನ್ನೆಲ್ಲ ಬರೆದೆ. ಬರೆದು ಗಟ್ಟಿಯಾಗಿ ಓದಿಯೂ ಹೇಳಿದೆ. ಅವರು ಹೋದ ಮೇಲೆ ನಿನಗೆ ಬರೆಯಲು ಅದೇ ನೋಟ್‌ಬುಕ್ಕಿನ ಹಾಳೆ ಹರಿದುಕೊಂಡೆ. ಬರೆದು ಮುಗಿಸಲು ಮೂರು ದಿನ ಬೇಕಾಯಿತು.

ಈಗ ನೀನು ಮಾಡಬೇಕಾದ್ದು ಇಷ್ಟು. ಈ ಕಾಗದವನ್ನು ಹೆಡ್‌ಮಾಸ್ಟರ ಮೇಜಿನ ಮೇಲೆ ಇಡು. ನನ್ನ ಹೆಸರು, ವೈಸನ್ ಹೆಸರು, ಮಟೀಯೊ ಹೆಸರು ಯಾವುದನ್ನೂ ಅಳಿಸಬೇಡ. ಮಟೀಯೊಗೆ ಹೇಳಿದ್ದೇನೆ, ಕರೆದರೆ ಬಂದು ಹೇಳುತ್ತಾನೆ. ನಿನ್ನ ಶಾಲೆ ಒಂದು ಬರದಿದ್ದರೆ ಇನ್ನೊಂದು ಶಾಲೆ ಬರುತ್ತದೆ, ಆದ್ದರಿಂದ ಅಷ್ಟಕ್ಕೇ ನಿಲ್ಲಬೇಡ, ಪತ್ರಿಕೆಯವರ ಹತ್ತಿರ ಒಯ್ಯಿ. ಹಳ್ಳಕ್ಕೆ ಸೇತುವೆ ಬೇಕು. ಹೋಗುವವನ ಸ್ವಂತ ಹೆಸರು ಬರೆಯುವ ಪುಸ್ತಕ ಬೇಕು. ಕಾಯಿಲೆ ಬಿದ್ದವನ ಸರದಿ ಅವನಿಗೇ ಉಳಿಯಬೇಕು. ನಮ್ಮ ಹೆಸರು ಪಟ್ಟಿಯಿಂದ ಹೋಗುತ್ತದೆ, ಹೋಗಲಿ. ಆ ನಲವತ್ತು ಮನೆಯವರು ನನ್ನ ಮುಖಕ್ಕೆ ಉಗುಳುತ್ತಾರೆ. ಒರೆಸಿಕೊಂಡು ಅವರ ಮನೆ ಮನೆಗೇ ಹೋಗಿ ಕೂರುತ್ತೇನೆ, ಅದು ನನ್ನ ಕೆಲಸ.

ನಿನ್ನ ಅಮ್ಮನಿಗೆ ನಾನು ಹೇಳಲೋ, ನೀನು ಬಂದು ಹೇಳುತ್ತೀಯೋ ತಿಳಿಸು. ಹುಡುಗಿಯರನ್ನು ಜೊಂಬಾಕ್ಕೆ ಕಳಿಸಿ ನೀನು ಇಲ್ಲಿಗೆ ಬಾ. ಲಾಮೆಕಿಯನ್ನು ಗೇಟಿನ ಮುಂದಿನಿಂದಲೇ ಇಳಿಸಿಕೊಂಡು ಬರೋಣ, ಗೆರ್ಷೊಮ್ ತಲೆಯೆತ್ತಿ ನೋಡುವ ಹಾಗೆ.

ನಿನ್ನ ಗೆಳತಿ ಅಂತ ಬರೆಯಲು ಇವತ್ತು ಕೈ ಬರುತ್ತಿಲ್ಲ,
ಎನಿಫಾ

ತಾ.ಕ.: ಈ ಕಾಗದ ಒಯ್ಯುವ ಮಿನಿಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ. ಬರೆದದ್ದನ್ನು ಮತ್ತೆ ಓದಿದೆ. ವೈಸನ್ ಕೇಳಿ ಕಳಿಸಿದ ಅಂತ ಬರೆದಿದ್ದೇನೆ, ಅದು ಸುಳ್ಳು. ಆ ಬೆಳಿಗ್ಗೆ ವೈಸನ್‌ಗೆ ತನ್ನ ಹೆಸರೇ ನೆನಪಿರಲಿಲ್ಲ, ಸರದಿ ಎಲ್ಲಿಂದ ನೆನಪಿರಬೇಕು? ನಿಮ್ಮ ಮನೆಗೆ ಹೋಗಿ ಕೇಳಿದವಳು ನಾನು. ನಿನ್ನ ಅಮ್ಮ ಗಿರಣಿಗೆ ಹೋಗಿದ್ದರು. ಲಾಮೆಕಿ ಅಂಗಳದಲ್ಲಿ ಮುಖ ತೊಳೆಯುತ್ತಿದ್ದ. ಬೆಟ್ಟದ ಕಡೆ ನೋಡಿ, “ಇವತ್ತು ಬೇಡ ಅಕ್ಕ. ಮೋಡ ಮೇಲೇ ಕೂತಿದೆ, ನಂಗ್ಯಾಕೋ ಸರಿ ಕಾಣ್ತಿಲ್ಲ” ಅಂದ. ನಾನು, “ಅಕ್ಕ ನೋಡಿದ್ರೆ ಮೇಷ್ಟ್ರು, ತಮ್ಮ ನೋಡಿದ್ರೆ ಮನೆ ಕಾಯೋ ಕೋಳಿ. ಮೋಡಕ್ಕೆ ಹೆದರೋನಿಗೆ ಯಾರು ಹೆಣ್ಣು ಕೊಡ್ತಾರೋ?” ಅಂದೆ. ಅವನು ನಕ್ಕ. ಒಳಗೆ ಹೋಗಿ ಅಂಗಿ ತೊಟ್ಟು ಬಂದ. ಗೇಟಿನವರೆಗೂ ಅವನನ್ನು ಮುಂದೆ ಬಿಟ್ಟುಕೊಂಡು ನಾನು ಹಿಂದೆ ನಡೆದೆ, ಎಲ್ಲಿ ಮನಸ್ಸು ಬದಲಿಸಿ ಮನೆಗೆ ತಿರುಗುತ್ತಾನೋ ಅಂತ.