ಡಿಕ್ಕಿಯ ಅಳತೆ

ಭಾನುವಾರ, ಮಧ್ಯಾಹ್ನ

ನನ್ನ ಲಂಬೂಗೆ ಅಮ್ಮನ ಪ್ರೀತಿಯ ಆಶೀರ್ವಾದ.

ನಾವಿಬ್ಬರೂ ಚೆನ್ನಾಗಿದ್ದೇವೆ. ಬರೆಯುವುದು ತಡವಾಯಿತು, ಕೋಪ ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳೋಣವೆಂದರೆ, ಕಾರಿನ ಮಾತು ಬಂದ ಕೂಡಲೇ ‘ಆಮೇಲೆ ಮಾಡ್ತೀನಮ್ಮಾ’ ಅಂತ ಇಟ್ಟುಬಿಡುತ್ತೀಯ. ಕಾಗದವನ್ನಾದರೆ ನೀನು ಹಾಗೆ ನಡುವೆ ಇಟ್ಟುಬಿಡಲಾರೆ ಅಂತ ಬರೆಯುತ್ತಿದ್ದೇನೆ. ಕಾರು ತೆಗೆದುಕೊಂಡೆವು ಕಣೇ.

ಅಪಘಾತವಾದ ಮೇಲೆ ಅಪ್ಪ ಹೊಲಿಗೆ ಅಂಗಡಿಯ ಕಡೆ ತಲೆ ಹಾಕಿರಲಿಲ್ಲ. ಗಾಲಿಕುರ್ಚಿ ಕಂಡರೆ ಬಾಡಿಗೆ ಗಾಡಿಯವರು ಮುಖ ತಿರುಗಿಸುತ್ತಾರೆ. ಮನೆಯಲ್ಲಿ ಕೂತು ಕೂತು ಅವರು ಮಾತನ್ನೇ ಬಿಟ್ಟಿದ್ದರು. ಹೀಗೇ ಆದರೆ ಮನುಷ್ಯ ಉಳಿಯುವುದಿಲ್ಲ ಅಂತ ನನಗೆ ಭಯವಾಯಿತು. ನಾನೇ ಡ್ರೈವಿಂಗ್ ಕಲಿತೆ. ನಗಬೇಡ! ಕಲಿಸುವವನು ಮೊದಮೊದಲು ಸೀಟನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂರುತ್ತಿದ್ದ, ಕೊನೆಕೊನೆಗೆ ಆಕಳಿಸುತ್ತಿದ್ದ.

ಯಾವ ಕಾರು ಎಂಬುದೇ ದೊಡ್ಡ ತಲೆನೋವಾಯಿತು. ನಿನ್ನ ಚಿಕ್ಕಪ್ಪ ಎತ್ತರದ ಗಾಡಿಯೇ ಆಗಬೇಕೆಂದು ಪಟ್ಟು ಹಿಡಿದ. ‘ಅತ್ತಿಗೆ, ಅದರಲ್ಲಿ ಕೂತ್ರೆ ಒಂದು ಗತ್ತು’ ಅಂದ. ‘ನಿಮ್ಮಣ್ಣನ್ನ ಏಣಿ ಹಾಕಿ ಹತ್ತಿಸ್ತೀಯಾ?’ ಅಂದೆ. ಚಿಕ್ಕ ಕಾರಾದರೆ ಗಾಲಿಕುರ್ಚಿ ಇಟ್ಟ ಮೇಲೆ ತರಕಾರಿ ಚೀಲಕ್ಕೆ ನನ್ನ ತೊಡೆಯೇ ಗತಿ. ಕೊನೆಗೆ ಗ್ಯಾರೇಜಿನ ಗ್ರೀಸ್ ಮಾಮನನ್ನು ಕೇಳಿದೆ. ‘ಸುಮ್ನೆ ಒಂದು ಸೆಡಾನ್ ತಗೊಳ್ಳಮ್ಮಾ. ಬೆಳಗ್ಗೆ ಕೀ ತಿರುಗಿಸಿದ್ರೆ ಗೊಣಗದೆ ಏಳ್ಬೇಕು, ಅಷ್ಟೇ’ ಅಂದರು. ಈ ಮನೆಯಲ್ಲಿ ಹಾಗೆ ಏಳುವವಳು ನಾನೊಬ್ಬಳೇ, ನನಗೂ ಒಂದು ಜೊತೆಯಾಗಲಿ ಅಂದುಕೊಂಡೆ.

ಶೋರೂಮಿಗೆ ಅಪ್ಪ ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ಬಂದರು. ರವಿಕೆಗೆ ಅಳತೆ ತೆಗೆಯುವ ಹಾಗೆ ಬಾಗಿಲಿನ ಅಗಲ, ಸೀಟಿನ ಎತ್ತರ ಎಲ್ಲ ಅಳೆದರು. ಒಂದು ಬಿಳಿ ಸೆಡಾನಿನ ಸೀಟು ಸರಿಯಾಗಿ ಗಾಲಿಕುರ್ಚಿಯ ಮಟ್ಟಕ್ಕಿತ್ತು. ಯಾರ ಕೈಯನ್ನೂ ಹಿಡಿಯದೆ, ತಾವೇ ಕೈಯೂರಿ ಜಾರಿ ಕೂತರು. ಅಷ್ಟರಲ್ಲಿ ಅಲ್ಲಿಯ ಹುಡುಗಿ ಕಾರಿನ ಹಿಂದಿನಿಂದ ಕೂಗಿದಳು: ‘ಸರ್, ಇದರ ಡಿಕ್ಕಿ ನೋಡಿ, ಎಷ್ಟು ಚೆನ್ನಾಗಿದೆ!’

ನಾನು ಥಟ್ಟನೆ ಅಪ್ಪನ ಮುಖ ನೋಡಿದೆ. ಪಾಪ, ಅವಳು ಹೇಳಿದ್ದು ಸಾಮಾನು ಇಡುವ ಡಿಕ್ಕಿ. ಆದರೆ ಆ ಲಾರಿ ಡಿಕ್ಕಿ ಹೊಡೆದ ಮೇಲೆ ನಮ್ಮ ಮನೆಯಲ್ಲಿ ಆ ಪದವನ್ನೇ ಯಾರೂ ಆಡಿಲ್ಲವಲ್ಲ. ಅಪ್ಪ ಕೊರಳಿನ ಟೇಪು ಸರಿಮಾಡಿಕೊಂಡರು. ಆಮೇಲೆ, ‘ಡಿಕ್ಕಿ ನಾವೂ ಒಂದು ನೋಡಿದ್ದೀವಮ್ಮಾ. ಅದಕ್ಕಿಂತ ಇದು ಚೆನ್ನಾಗೇ ಇರುತ್ತೆ ಬಿಡು’ ಅಂದು ನಕ್ಕುಬಿಟ್ಟರು. ಹೊಟ್ಟೆ ಹಿಡಿದುಕೊಂಡು ನಕ್ಕರು! ಆ ಹುಡುಗಿಗೆ ತಲೆಬುಡ ತಿಳಿಯಲಿಲ್ಲ. ನನಗೆ ನಗುವಿನ ಜೊತೆ ಅಳುವೂ ಬಂತು. ಡಿಕ್ಕಿಯಲ್ಲಿ ಗಾಲಿಕುರ್ಚಿ ಮಡಿಸಿಟ್ಟ ಮೇಲೂ ಎರಡು ಚೀಲಕ್ಕೆ ಜಾಗವಿತ್ತು. ಅದೇ ಕಾರು ಅಂತ ಅಲ್ಲೇ ತೀರ್ಮಾನವಾಯಿತು.

ಈಗ ದಿನಾ ಅವರನ್ನು ಅಂಗಡಿಗೆ ಬಿಟ್ಟು, ಔಷಧಿ, ತರಕಾರಿ ತಂದಿಟ್ಟು, ಸಂಜೆ ಕರೆದುಕೊಂಡು ಬರುತ್ತೇನೆ. ಅಂಗಡಿಯಲ್ಲಿ ಕಾಲಿನ ಮೆಷಿನ್ನು ಬಿಟ್ಟು ಕೈಯಿಂದ ತಿರುಗಿಸುವುದನ್ನು ಇಟ್ಟುಕೊಂಡಿದ್ದಾರೆ. ದಾರಿಯುದ್ದಕ್ಕೂ ‘ಗೇರು, ಗೇರು’ ಅಂತ ನನ್ನ ಪ್ರಾಣ ತಿನ್ನುತ್ತಾರೆ. ಅವರ ಆ ಕಿರಿಕಿರಿ ವಾಪಸ್ಸು ಬಂತಲ್ಲ, ನನಗೆ ಹೋದ ಜೀವ ಬಂದ ಹಾಗಾಗಿದೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಎಲ್ಲಿದ್ದರೂ ನಗುನಗುತ್ತಾ ಇರು ಮಗಳೇ.

ನಿನ್ನ ಅಮ್ಮ

ಮರೆತಿದ್ದೆ: ಕಾರು ಮನೆ ಬಾಗಿಲಿಗೆ ಬಂದ ದಿನ ನಾನು ಹತ್ತಿ ಕೂತರೆ ಕಾಲು ಬ್ರೇಕಿಗೆ ಎಟುಕಲೇ ಇಲ್ಲ. ತಂದುಕೊಟ್ಟವನಿಗೆ ಹೇಳಿ ಅಪ್ಪ ಡ್ರೈವರ್ ಸೀಟನ್ನು ಹಿಂದಕ್ಕೆ ತಳ್ಳಿಸಿ, ಟೇಪು ಹಿಡಿದು ಅಳೆದಿದ್ದರು. ‘ಇದು ಯಾರ ಅಳತೆ?’ ಅಂದೆ. ‘ಲಂಬೂದು. ಅವಳ ಕಾಲಿನ ಉದ್ದ ನಂಗೊತ್ತಿಲ್ವಾ? ತಾನು ಓಡಿಸ್ತಿದ್ದಕ್ಕೇ ಅಪ್ಪನ ಕಾಲು ಹೋಯ್ತು ಅಂತ ಮನೆಗೇ ಬರದೆ ಕೂತಿದ್ದಾಳೆ. ಅವಳು ಬ್ರೇಕ್ ತುಳಿದಿದ್ದಕ್ಕೆ ಅಪ್ಪ ಉಳಿದ ಅಂತ ಅವಳಿಗೆ ಯಾರು ಹೇಳ್ತಾರೆ?’ ಅಂದರು. ನಾನು ಬೆಳಗ್ಗೆ ಸೀಟನ್ನು ಮುಂದಕ್ಕೆ ಎಳೆದುಕೊಳ್ಳುತ್ತೇನೆ. ಸಂಜೆ ಇಳಿಯುವಾಗ ಮತ್ತೆ ನಿನ್ನ ಅಳತೆಗೆ ತಳ್ಳಿಡುತ್ತೇನೆ.