ಮೇಜಿನ ಮೇಲಿನ ಗದ್ದೆ

ಹೊಸಪೇಟೆ
೧೨ ಆಗಸ್ಟ್ ೨೦೨೫

ಪ್ರೀತಿಯ ತಮ್ಮ ಮಹಾಂತೇಶನಿಗೆ,

ಅಕ್ಕನ ಆಶೀರ್ವಾದ. ಸಂಡೂರಿನ ಗಣಿಯೊಳಗಿದ್ದರೆ ನಿನಗೆ ಸಿಗ್ನಲ್ ಸಿಗುವುದಿಲ್ಲ, ಹೊರಬಂದರೆ ನೀನೇ ಸಿಗುವುದಿಲ್ಲ. ಅದಕ್ಕೇ ಈ ಕಾಗದ. ಎರಡು ವಾರ ತಡವಾಯಿತು, ಬೇಸರಿಸಬೇಡ. ಇದ್ದ ಸುದ್ದಿ ಬರೆಯುವಂಥದ್ದಾಗಿರಲಿಲ್ಲ.

ಅವ್ವ ಇರುವ ಆರೈಕೆ ಮನೆಯ ಮ್ಯಾನೇಜರ್ ಹುಲಿಗೇಶ್ ಹೋದ ವಾರ ಸೋಮವಾರ ನನ್ನನ್ನು ಕರೆಸಿದರು. "ಮೇಡಂ, ನಿಮ್ಮ ತಾಯಾರು ಚೆಂಡು ಹೂವಿನ ಸಸಿ ಎಲ್ಲಾ ಕಿತ್ತಾರ. ಇದು ಮೂರನೇ ಸಲ. ತಡಿಯಾಕ ಹೋದ ನರ್ಸಿಗೆ ಹೊಡದಾರ. ಶನಿವಾರದೊಳಗ ಕರಕೊಂಡು ಹೋಗ್ರಿ." ಎಲ್ಲಿಗೆ? ನಮ್ಮ ಮನೆಯಿಂದ ಎರಡು ಸಲ ಒಬ್ಬಳೇ ಹೆದ್ದಾರಿಯವರೆಗೆ ನಡೆದುಹೋದವಳು ಅವಳು.

ಮರೆವಿನ ಕಾಯಿಲೆಯವರಿಗೆಂದು ಅಲ್ಲಿ ದಿನಾ ಚಟುವಟಿಕೆ ಮಾಡಿಸುತ್ತಾರೆ. ಚಟ ಅವರದು, ವಟವಟ ಅವ್ವನದು. ಬಣ್ಣ ತುಂಬಲು ಗಿಳಿಯ ಚಿತ್ರ ಕೊಟ್ಟರೆ, "ಹುಡುಗರಿಗೆ ಕೊಡ್ರಿ, ನನಗ ಕೆಲಸ ಐತಿ" ಅಂದಳಂತೆ. ಬಲೂನು ಎಸೆದರೆ, "ಗಾಳಿ ತುಂಬಿದವರು ನಮ್ಮೂರಾಗ ಭಾಳ ಮಂದಿ ಅದಾರ" ಎಂದು ಚಿವುಟಿ ಒಡೆದಳಂತೆ.

ದಾರಿ ತೋರಿಸಿದವಳು ಅಲ್ಲಿನ ಆಯಾ ಎಲ್ಲಮ್ಮ, ಮೆಟ್ರಿ ಹಳ್ಳಿಯವಳು. ಕಿತ್ತ ಸಸಿಗಳನ್ನು ಎತ್ತಿ ಹಿಡಿದು, "ಅಕ್ಕಾರ, ಇದು ಹಾಳು ಮಾಡಿದ್ದಲ್ರಿ. ಬೇರು ತೊಳದು, ಹಿಡಿ ಹಿಡಿ ಕಟ್ಟು ಕಟ್ಟ್ಯಾರ. ನಾಟಿಗೆ ಕಿತ್ತದ್ದು" ಅಂದಳು. ಎಮ್ಮಿಗನೂರಿನ ಗದ್ದೆಗಳಲ್ಲಿ ನಲವತ್ತು ವರ್ಷ ನಾಟಿಯ ತಂಡ ನಡೆಸಿದವಳ ಮಗಳು ನಾನು. ಅದನ್ನು ಕಸವೆಂದೇ ನೋಡಿದ್ದೆ. ಮೇಲಾಗಿ ಪದವಿ ತರಗತಿಗೆ ಪಾಠ ಹೇಳುವವಳು ಬೇರೆ!

ಅವ್ವನಿಂದ ನಾಟಿ ಮಾಡಿಸಿ ನೋಡುತ್ತೇನೆಂದು ಶನಿವಾರದ ಬೆಳಗೊಂದನ್ನು ಹುಲಿಗೇಶರಿಂದ ಬೇಡಿ ಪಡೆದೆ. ಉದ್ದನೆಯ ಊಟದ ಮೇಜಿನ ಮೇಲೆ ತಗಡಿನ ತಟ್ಟೆಗಳು, ತುಂಬ ಕೆಸರು, ಮೆಟ್ರಿಯಿಂದ ಬಂದ ಭತ್ತದ ಸಸಿ. ಅವ್ವ ಬಂದು ಬೆರಳಿಟ್ಟು ನೋಡಿದಳು. "ನೀರು ಹೆಚ್ಚಾತು, ಬಸೀರಿ." ಬಸಿದವರು ಸ್ವತಃ ಹುಲಿಗೇಶ್. ಅವ್ವ ಸೆರಗು ಸಿಕ್ಕಿಸಿ ಅಲ್ಲಿನ ಮುದುಕ ಮುದುಕಿಯರನ್ನು ಸಾಲಿಗೆ ಹಚ್ಚಿದಳು.

ಆರು ತಿಂಗಳಿಂದ ತುಟಿ ಬಿಚ್ಚದ ಓಬಳಪ್ಪ ಗಾಲಿಕುರ್ಚಿಯಲ್ಲಿ ಕೂತು ಎರಡು ಸಸಿ ನೆಟ್ಟು ಮುಂದಕ್ಕೆ ಸರಿದರು.

"ಏ ಮಾವಾ, ನಾಟಿ ಮಾಡೋರು ಹಿಂದಕ್ಕ ಸರೀತಾರ. ನೆಟ್ಟದ್ದನ್ನ ತುಳಿಯಾಕ ಬಂದೀರೇನು?" ಅವ್ವ ಗದರಿದಳು.

"ತಪ್ಪಾತವಾ" ಅಂದರು ಓಬಳಪ್ಪ. ಎಲ್ಲಮ್ಮ ಕೈಲಿದ್ದ ಕಟ್ಟು ಕೆಳಗೆ ಬಿಟ್ಟಳು.

ಅಲ್ಲಿಂದ ಮುಂದೆ ಕುರ್ಚಿಯನ್ನು ಹಿಂದಕ್ಕೆಳೆಯುವ ಆಳು ಹುಲಿಗೇಶ್. ಹೆಸರಿಗಷ್ಟೇ ಹುಲಿ. ಹನ್ನೊಂದರ ಹೊತ್ತಿಗೆ ಒಂಬತ್ತು ಜನ ಸಾಲು ಹಿಡಿದಿದ್ದರು. ಅವ್ವ ಬೈದಷ್ಟೂ ನಗುತ್ತಿದ್ದರು.

ಹುಲಿಗೇಶ್ ಕೆಸರುಗೈಯಲ್ಲೇ ಬಂದರು. "ಕರಕೊಂಡು ಹೋಗಬ್ಯಾಡ್ರಿ ಮೇಡಂ. ನಾಳೆ ಇನ್ನೊಂದು ಗದ್ದೆ ಐತಂತ. ಜಲ್ದಿ ಬಾ ಅಂತ ನನಗೂ ಹೇಳ್ಯಾರ."

ಗೆದ್ದೆವು, ತಮ್ಮಾ. ರಜೆ ಸಿಕ್ಕಾಗ ಬಂದು ನೀನೂ ಒಂದು ಸಾಲು ಬೈಸಿಕೊಂಡು ಹೋಗು. ತುಳಸಿಗೂ ನಿಮ್ಮ ಮಕ್ಕಳಿಗೂ ಒಳ್ಳೆಯದಾಗಲಿ.

ನಿನ್ನ ಅಕ್ಕ,
ಸುಧಾರಾಣಿ

ತಾ.ಕ.: ನಾನೂ ಅವ್ವನ ಪಕ್ಕ ನಿಂತು ಸಸಿ ತೆಗೆದುಕೊಂಡಿದ್ದೆ. ಬಹಳ ಹೊತ್ತು ನನ್ನ ಮುಖ ನೋಡಿದಳು; ಗುರುತು ಸಿಕ್ಕಿತು ಅಂದುಕೊಂಡೆ. ಕೈಯಿಂದ ಸಸಿ ಕಸಿದು ಎಲ್ಲಮ್ಮನಿಗೆ ಹೇಳಿದಳು: "ಈಕಿನ್ನ ಆಚೆ ಕಳಸು. ನನ್ನ ಮಗಳ ಹಂಗ ಅದಾಳ. ನನ್ನ ಮಗಳನ್ನ ನಾ ಕೆಸರಿಗೆ ಇಳಸಂಗಿಲ್ಲ, ಆಕಿ ಓದಬೇಕು." ನಾಟಿ ಮುಗಿಯುವವರೆಗೂ ನಾನೊಬ್ಬಳೇ ಬಾಗಿಲ ಬಳಿ ನಿಂತಿದ್ದೆ.